ಅಂಗಿ ಜೇಬಿಗೆ ಹಿಡಿಸುವ ಹಳೇ ಸ್ಮಾರ್ಟ್‌ಫೋನು: ಇವತ್ತಿಗೆ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ?

“ಭಾವ, ಗ್ಯಾಲಕ್ಸಿ ವೈ ಒಂದು ಎಂಟುನೂರು ರೂಪಾಯಿಗೆ ಸಿಗ್ತಾ ಇದೆ. ತಗೊಂಡ್ಬಿಡ್ಲಾ?”

ತೀರ್ಥಹಳ್ಳಿ ಕಡೆಯಿಂದ ನನ್ನ ಭಾವಮೈದುನ ಕೇಳಿದ್ದು ಇಷ್ಟೇ. ಗ್ಯಾಲಕ್ಸಿ ವೈ ಅಂದರೆ ಸ್ಯಾಮ್‌ಸಂಗ್‌ನ ಹಳೇ ಚಿಕ್ಕ ಆಂಡ್ರಾಯ್ಡ್ ಫೋನು. ಅವನ ಕಷ್ಟ ನನಗೆ ಗೊತ್ತಿತ್ತು. ಅಡಿಕೆ ತೋಟದಲ್ಲಿ ಬಗ್ಗಿ ಎದ್ದಾಗಲೆಲ್ಲ ಇನ್ನೂರು ಗ್ರಾಂ ತೂಗುವ ಫೋನು ಅಂಗಿ ಜೇಬಿನಿಂದ ಜಾರುತ್ತದೆ. ಹಿಂದಿನ ಮಳೆಗಾಲದಲ್ಲಿ ಒಂದು ಫೋನು ಬಸಿಗಾಲುವೆಯ ಪಾಲಾಗಿತ್ತು. ಪ್ಯಾಂಟಿನ ಜೇಬಿಗೆ ಹಾಕು ಎನ್ನೋಣವೆಂದರೆ ತೋಟಕ್ಕೆ ಹೋಗುವಾಗ ಅವನು ಉಡುವುದು ಲುಂಗಿ. ದೊಡ್ಡ ಫೋನು ಮನೆಯಲ್ಲೇ ಇರಲಿ, ಹಗಲು ಹೊತ್ತಿಗೆ ಜೇಬಿನಲ್ಲಿ ಗೊತ್ತೇ ಆಗದಂಥ ಚಿಕ್ಕದೊಂದು ಬೇಕು. ಬರೀ ಕೀಪ್ಯಾಡ್ ಸೆಟ್ ಅವನಿಗೆ ಬೇಡ. ಹಾಡು ಕೇಳಬೇಕು, ಕಂಡದ್ದನ್ನು ಒಂದು ಫೋಟೊ ಹೊಡೆಯಬೇಕು, ನಾಲ್ಕು ಮಾತು ಬರೆದಿಡಬೇಕು.

ತಗೋ ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ 2008ರಿಂದ 2011ರವರೆಗೆ ಬಂದ ಚಿಕ್ಕ ಸ್ಮಾರ್ಟ್‌ಫೋನುಗಳ ಮೇಲೆ ನನಗೊಂದು ಹುಚ್ಚಿದೆ. ನಾಲ್ಕೈದು ನನ್ನ ಮೇಜಿನ ಖಾನೆಯಲ್ಲೇ ಇವೆ. ಅವನಿಗೆಂದು ಹೊರಗೆ ತೆಗೆದು, ಚಾರ್ಜ್ ಮಾಡಿ, ಒಂದೊಂದನ್ನೂ ಕೆಲವು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಕೆಳಗಿರುವುದು ಅವನಿಗೆ ಕೊಟ್ಟ ಉತ್ತರದ ಉದ್ದನೆಯ ರೂಪ.

ಮೊದಲು ಸಿಮ್ಮಿನ ಮಾತು

ಫೋನು ನೋಡುವ ಮೊದಲು ನಿಮ್ಮ ಜೇಬಿನಲ್ಲಿರುವ ಸಿಮ್ ಯಾವ ಕಂಪನಿಯದು ಎಂದು ನೋಡಿ. ಜಿಯೋ ಆಗಿದ್ದರೆ ಈ ಲೇಖನದ ಅರ್ಧ ನಿಮಗೆ ಅನ್ವಯಿಸುವುದೇ ಇಲ್ಲ. 2016ರಲ್ಲಿ ಶುರುವಾದ ದಿನದಿಂದಲೂ ಜಿಯೋದಲ್ಲಿ 2ಜಿಯಾಗಲೀ 3ಜಿಯಾಗಲೀ ಇಲ್ಲ. ನಾನಿಲ್ಲಿ ಹೇಳುವ ಯಾವ ಫೋನಿನಲ್ಲೂ 4ಜಿ ಇಲ್ಲ. ಸಿಮ್ ಹಾಕಿದರೆ ಸಿಗ್ನಲ್ ಕಡ್ಡಿ ಏಳುವುದೇ ಇಲ್ಲ.

ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿತು, ಆದರೆ 2ಜಿ ಉಳಿಸಿಕೊಂಡಿದೆ. ವಿಐ (ವೊಡಾಫೋನ್ ಐಡಿಯಾ) ಕೂಡ ಹಾಗೆಯೇ. ಬಿಎಸ್‌ಎನ್‌ಎಲ್ 2ಜಿಯೂ ನಡೆಯುತ್ತದೆ. ಈ ಫೋನುಗಳೆಲ್ಲ 900 ಮತ್ತು 1800 ಮೆಗಾಹರ್ಟ್ಸ್‌ನ 2ಜಿಯನ್ನು ಹಿಡಿಯುವುದರಿಂದ ಕರೆ, ಎಸ್‌ಎಂಎಸ್ ಎರಡಕ್ಕೂ ತೊಂದರೆಯಿಲ್ಲ. ಬ್ಯಾಂಕಿನ ಒಟಿಪಿ ಬರುತ್ತದೆ. 3ಜಿ ಇದೆ ಎಂದು ಮಾರುವವರು ಹೇಳಿದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಮಲೆನಾಡಿನಲ್ಲಂತೂ ಗುಡ್ಡದ ಈ ಕಡೆ ಒಂದು ಕಂಪನಿ, ಆ ಕಡೆ ಇನ್ನೊಂದು. ದುಡ್ಡು ಕೊಡುವ ಮೊದಲು ಯಾರದಾದರೂ ಹಳೇ ಕೀಪ್ಯಾಡ್ ಸೆಟ್ಟಿಗೆ ನಿಮ್ಮ ಸಿಮ್ ಹಾಕಿ, ಮನೆಯೊಳಗೆ, ತೋಟದ ತಗ್ಗಿನಲ್ಲಿ, ಕೊಟ್ಟಿಗೆಯಲ್ಲಿ ಒಂದೊಂದು ಕರೆ ಮಾಡಿ ನೋಡಿ. ಪುಕ್ಕಟೆ ಪರೀಕ್ಷೆ ಇದು.

ಸಿಮ್ಮಿನ ಗಾತ್ರ ಇನ್ನೊಂದು ತಲೆನೋವು. ಇವೆಲ್ಲ ಹೆಬ್ಬೆರಳ ಉಗುರಿಗಿಂತ ದೊಡ್ಡದಾದ ಹಳೇ ಸಿಮ್ಮಿನ ಫೋನುಗಳು. ಈಗಿನ ನ್ಯಾನೊ ಸಿಮ್ ಹಾಕಲು ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಅಡಾಪ್ಟರಿನಿಂದ ಸಿಮ್ ಒಂದು ಕೂದಲೆಳೆ ಮೇಲೆದ್ದರೂ ಹೊರಗೆ ಎಳೆಯುವಾಗ ಒಳಗಿನ ಪಿನ್ನು ಕಿತ್ತುಬರುತ್ತದೆ. ಹಾಗೆ ಒಂದು ಫೋನನ್ನು ನಾನೇ ಕೈಯಾರೆ ಕೆಡಿಸಿದ್ದೇನೆ. ಹೊಸ ಸಿಮ್ ತೆಗೆದುಕೊಳ್ಳುವವರು ಸುತ್ತಲಿನ ದೊಡ್ಡ ಚೌಕಟ್ಟನ್ನು ಮುರಿಯದೆ ಹಾಗೇ ಬಳಸಿ. ಈಗಾಗಲೇ ಮುರಿದಿದ್ದರೆ ಅಡಾಪ್ಟರಿನ ಹಿಂಬದಿಗೆ ತೆಳ್ಳಗಿನ ಟೇಪು ಅಂಟಿಸಿ ಹಾಕಿ.

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಮಾತ್ರ ಇದಕ್ಕೆ ಹಾಕಬೇಡಿ. ಯುಪಿಐ ಆ್ಯಪ್ ಹೊಸದಾಗಿ ನೋಂದಾಯಿಸುವಾಗ ಆ ಫೋನಿನೊಳಗಿರುವ ಸಿಮ್ಮಿನಿಂದಲೇ ಒಂದು ಎಸ್‌ಎಂಎಸ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ಸಿಮ್ ಇಲ್ಲಿ, ಆ್ಯಪ್ ಅಲ್ಲಿ ಆದರೆ ಒಂದಲ್ಲ ಒಂದು ದಿನ ಕಿರಾಣಿ ಅಂಗಡಿಯ ಮುಂದೆ ಪರದಾಡುತ್ತೀರಿ. ಎರಡನೇ ನಂಬರ್ ಇಟ್ಟುಕೊಳ್ಳಿ. ಬರೀ ಮಾತು ಮತ್ತು ಎಸ್‌ಎಂಎಸ್‌ಗೆ ಬೇರೆ ಪ್ಯಾಕ್ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದ ಮೇಲೆ, ಬಳಸದ ಡೇಟಾಕ್ಕೆ ದುಡ್ಡು ಸುರಿಯುವುದೂ ತಪ್ಪಿದೆ.

ಇಂಟರ್‌ನೆಟ್ ಕಳೆದರೆ ಉಳಿಯುವುದೆಷ್ಟು?

ಹಳೇ ಸ್ಮಾರ್ಟ್‌ಫೋನು ಕೊಳ್ಳುವವರು ಎಡವುವುದು ಇಲ್ಲೇ. ಪೆಟ್ಟಿಗೆಯ ಮೇಲೆ ಬರೆದ ಪ್ರೊಸೆಸರ್, ರ್‍ಯಾಮ್ ನೋಡಿ ಹೋಲಿಸುತ್ತಾರೆ. ಆ ಪ್ರೊಸೆಸರ್ ಮಾಡುತ್ತಿದ್ದ ಕೆಲಸಗಳೇ ಈಗ ಇಲ್ಲ.

ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ವಾಟ್ಸ್‌ಆ್ಯಪ್ 2020ರ ಫೆಬ್ರವರಿ 1ಕ್ಕೆ ನಿಂತಿತು. ಆಂಡ್ರಾಯ್ಡ್ ಬದಲು ಸಿಂಬಿಯನ್ ಎಂಬ ತಂತ್ರಾಂಶದಲ್ಲಿ ಓಡುವ ನೋಕಿಯಾ ಫೋನುಗಳಲ್ಲಿ ಅದಕ್ಕೂ ಮೊದಲೇ, 2017ರಲ್ಲಿ. 2021ರ ಸೆಪ್ಟೆಂಬರ್ 27ರಿಂದ 2.3.7 ಮತ್ತು ಕೆಳಗಿನವುಗಳಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗಲು ಬಿಡುತ್ತಿಲ್ಲ. ಅಂದರೆ ಪ್ಲೇ ಸ್ಟೋರ್ ಇಲ್ಲ, ಜಿಮೇಲ್ ಇಲ್ಲ, ಹೆಸರು-ನಂಬರುಗಳು ತಾವಾಗಿಯೇ ಬಂದು ಕೂರುವುದೂ ಇಲ್ಲ. ಯುಪಿಐ ಹುಟ್ಟಿದ್ದೇ 2016ರಲ್ಲಿ, ಈ ಫೋನುಗಳು ಅದರ ಹೆಸರೇ ಕೇಳಿಲ್ಲ. ಬ್ರೌಸರ್ ಇದೆ, ಆದರೆ ಈಗಿನ ವೆಬ್‌ಸೈಟುಗಳ ಗೂಢಲಿಪಿ ಅದಕ್ಕೆ ಅರ್ಥವಾಗದೆ ಹೆಚ್ಚಿನವು ತೆರೆಯುವುದೇ ಇಲ್ಲ.

ಇಷ್ಟೆಲ್ಲ ಕಳೆದ ಮೇಲೂ ಒಂದಿಷ್ಟು ಉಳಿಯುತ್ತದೆ, ಅದು ಕಡಿಮೆಯೇನಲ್ಲ. ಕರೆ, ಎಸ್‌ಎಂಎಸ್, ಅಲಾರಂ, ಕ್ಯಾಲೆಂಡರ್, ಟಿಪ್ಪಣಿ, ಮೆಮೊರಿ ಕಾರ್ಡಿನ ಹಾಡು, ಎಫ್‌ಎಂ, ಕ್ಯಾಮೆರಾ, ಬ್ಲೂಟೂತ್. ಬೆಂಗಳೂರಿನಲ್ಲಿ ಬೆಳಗಿನ ವಾಕಿಂಗ್‌ಗೆ ನಾನು 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಹಚ್ಚುವುದು ಇವುಗಳಲ್ಲೇ. ಈಗಿನ ದುಬಾರಿ ಫೋನುಗಳಲ್ಲಿ ಎಫ್‌ಎಂ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಹೋಲಿಸಬೇಕಾದದ್ದು ಫೋನಿನೊಳಗೇ ಇರುವ ಗುಣಗಳನ್ನು: ಗುಂಡಿ, ಪರದೆ, ಕ್ಯಾಮೆರಾದ ಫೋಕಸ್, ಬ್ಯಾಟರಿ ಬಿಚ್ಚಲು ಬರುತ್ತದೆಯೇ ಇಲ್ಲವೇ. ಎಷ್ಟು ಗಿಗಾಹರ್ಟ್ಸ್ ಎಂಬುದು ಈಗ ಯಾರಿಗೆ ಬೇಕು?

ಎಕ್ಸ್10 ಮಿನಿ: ನೋಡಿದರೆ ಬಿಡಲು ಮನಸ್ಸಾಗದು

ಸೋನಿ ಎರಿಕ್ಸನ್ 2010ರಲ್ಲಿ ತಂದ ಎಕ್ಸ್‌ಪೀರಿಯಾ ಎಕ್ಸ್10 ಮಿನಿ ಕೈಗೆ ಬಂದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ಎಲ್ಲಿ ಸಿಗುತ್ತೆ ಎಂದು ಕೇಳುತ್ತಾರೆ. ಉದ್ದ 83 ಮಿ.ಮೀ., ಅಗಲ 50, ದಪ್ಪ 16, ತೂಕ 88 ಗ್ರಾಂ. ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಂತೆ. 2.55 ಇಂಚಿನ ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಗುರುತು ಇಟ್ಟಿದ್ದಾರೆ. ಹೆಬ್ಬೆರಳು ಆಡಿಸಿದರೆ ನಾಲ್ಕೂ ಮೂಲೆ ಸಿಗುತ್ತದೆ, ಇನ್ನೊಂದು ಕೈ ಬೇಕಿಲ್ಲ. ಚಿಕ್ಕ ಪರದೆಯಲ್ಲಿ ದೊಡ್ಡ ಫೋನಿನ ನಕಲು ಮಾಡಲು ಹೊರಡದೆ, ಚಿಕ್ಕದಕ್ಕೆಂದೇ ಯೋಚಿಸಿ ಮಾಡಿದ್ದು ಇದೊಂದೇ ಎಂದು ಈಗಲೂ ನನಗೆ ಅನ್ನಿಸುತ್ತದೆ. 5 ಮೆಗಾಪಿಕ್ಸೆಲ್ ಕ್ಯಾಮೆರಾ, ಆಟೋಫೋಕಸ್, ಫ್ಲ್ಯಾಶ್ ದೀಪ, ಎಫ್‌ಎಂ, ಸಾಮಾನ್ಯ ಇಯರ್‌ಫೋನಿನ ತೂತು, ಎಲ್ಲವೂ ಇದೆ.

ಆದರೂ ಇದನ್ನು ಕೊಳ್ಳಬೇಡಿ ಎನ್ನುತ್ತೇನೆ. 950 ಎಂಎಎಚ್‌ನ ಬ್ಯಾಟರಿ ಒಳಗೆ ಸ್ಕ್ರೂ ಹಾಕಿ ಕೂರಿಸಿದ್ದು, ಬಳಸುವವರು ಬಿಚ್ಚುವಂಥದ್ದಲ್ಲ. ಹದಿನೈದು ವರ್ಷ ಹಳೆಯ ಬ್ಯಾಟರಿ ಹೇಗಿದ್ದೀತು ಎಂದು ನೀವೇ ಊಹಿಸಿ. ಜೊತೆಗೆ ಅಕ್ಷರ ಹೊಡೆಯಲು ಇರುವುದು ಪರದೆಯ ಮೇಲೆ ಮೂಡುವ ಹನ್ನೆರಡು ಗುಂಡಿಯ ಕೀಪ್ಯಾಡ್. ಗಾಜಿನ ಮೇಲೆ ಹಳೇ ಮೊಬೈಲಿನಂತೆ ಒಂದೊಂದು ಗುಂಡಿಯನ್ನು ಹುಡುಕಿ ಮುಟ್ಟುತ್ತ ಕೂರಲು ತಾಳ್ಮೆ ಬೇಕು. ಈ ಫೋನೇ ಬೇಕೆಂದು ಹಟ ಹಿಡಿದವರು ಅದರ ಅಣ್ಣ ಎಕ್ಸ್10 ಮಿನಿ ಪ್ರೊ ಹುಡುಕಲಿ. ಪಕ್ಕಕ್ಕೆ ಜಾರಿ ಹೊರಬರುವ ನಿಜವಾದ ಕೀಬೋರ್ಡ್, ಬಿಚ್ಚಬಹುದಾದ ಬ್ಯಾಟರಿ. ತೂಕ 120 ಗ್ರಾಂ ಆಗುತ್ತದೆ, ಇರಲಿ.

ಎಕ್ಸ್‌ಪೀರಿಯಾ ಮಿನಿ: ಕಾಗದದ ಮೇಲೆ ಗೆದ್ದದ್ದು

ಮರುವರ್ಷವೇ, 2011ರಲ್ಲಿ, ಅದೇ ಕಂಪನಿ ಎಕ್ಸ್10 ಎಂಬ ಬಾಲ ಕತ್ತರಿಸಿ ಬರೀ ಎಕ್ಸ್‌ಪೀರಿಯಾ ಮಿನಿ ತಂದಿತು. ಉದ್ದ ಐದು ಮಿ.ಮೀ. ಹೆಚ್ಚು, ತೂಕ 99 ಗ್ರಾಂ. ಆದರೆ 3 ಇಂಚಿನ ಪರದೆಯಲ್ಲಿ 320×480 ಚುಕ್ಕಿ. ಅಕ್ಷರ ಅಚ್ಚುಕಟ್ಟು, ಓದಲು ಹಿತ. 512 ಎಂಬಿ ರ್‍ಯಾಮ್, 1 ಗಿಗಾಹರ್ಟ್ಸ್ ಪ್ರೊಸೆಸರ್. ಈಗ ಇದರಿಂದ ಇಂಟರ್‌ನೆಟ್ ಕೆಲಸ ಆಗದಿದ್ದರೂ ಮೆನು, ಫೋಟೊ, ಹಾಡು ಎಲ್ಲವೂ ತಡವರಿಸದೆ ತೆರೆಯುತ್ತವೆ.

ಇಲ್ಲಿ ಕ್ಯಾಮೆರಾದ ಬಗ್ಗೆ ಸ್ವಲ್ಪ ನಿಲ್ಲಬೇಕು. ಮೆಗಾಪಿಕ್ಸೆಲ್‌ಗಿಂತ ಮುಖ್ಯವಾದದ್ದು ಫೋಕಸ್. ಫೋಕಸ್ ಒಂದೇ ದೂರಕ್ಕೆ ಕೂತಿರುವ ಫೋನಿನಲ್ಲಿ ಮನುಷ್ಯರ ಫೋಟೊ ಬರುತ್ತದೆ, ಮರ ಬರುತ್ತದೆ, ಹತ್ತಿರದ್ದು ಮಸುಕು. ನನ್ನ ಭಾವಮೈದುನನಿಗೆ ಬೇಕಾದದ್ದೇ ಹತ್ತಿರದ್ದು. ಅಡಿಕೆ ಸೋಗೆಯ ಮೇಲೆ ಎಲೆಚುಕ್ಕೆ ರೋಗದ ಚುಕ್ಕೆ ಎಷ್ಟು ಹರಡಿದೆ, ಗೊನೆಯಲ್ಲಿ ಕೊಳೆ ಎಲ್ಲಿಂದ ಶುರುವಾಗಿದೆ, ಇವನ್ನು ಒಂದು ಗೇಣು ದೂರದಿಂದ ಹೊಡೆಯಬೇಕು. ಗೊಬ್ಬರದ ಚೀಲದ ಸಣ್ಣಕ್ಷರ, ಬಿಲ್ಲು, ಪಹಣಿ ಕೂಡ ಅಷ್ಟೇ. ಎಕ್ಸ್‌ಪೀರಿಯಾ ಮಿನಿಯ 5 ಮೆಗಾಪಿಕ್ಸೆಲ್ ಆಟೋಫೋಕಸ್ ಕ್ಯಾಮೆರಾ ಈ ಕೆಲಸವನ್ನು ಮಾಡಿಕೊಡುತ್ತದೆ. ಸಂಜೆ ಮನೆಗೆ ಬಂದು ಬ್ಲೂಟೂತ್‌ನಲ್ಲಿ ದೊಡ್ಡ ಫೋನಿಗೆ ದಾಟಿಸಿದರೆ ಅಲ್ಲಿಂದ ಯಾರಿಗೆ ಬೇಕಾದರೂ ಕಳಿಸಬಹುದು.

ಇದು ಆಂಡ್ರಾಯ್ಡ್ 2.3ರಲ್ಲಿ ಬಂತು. ಆಮೇಲೆ 4.0ಗೆ ಏರಿಸುವ ಅಪ್‌ಡೇಟ್ ಕೊಟ್ಟರು. ಮಾರುವವರು “4.0 ಇದೆ ಸಾರ್” ಎಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಆ 512 ಎಂಬಿ ರ್‍ಯಾಮ್‌ನಲ್ಲಿ ಹಗುರಾಗಿ ಓಡುವುದು 2.3. ಬಿಡಿಸಿ ಜೋಡಿಸುವ ಚಟ ಇರುವವರಿಗೆ ಮಾತ್ರ ಇನ್ನೊಂದು ದಾರಿ: ಲೆಗಸಿ ಎಕ್ಸ್‌ಪೀರಿಯಾ ಎಂಬ ಹವ್ಯಾಸಿಗಳ ತಂಡ ಸಯನೋಜನ್‌ಮಾಡ್ ಎಂಬ ಮಾರ್ಪಡಿಸಿದ ಆಂಡ್ರಾಯ್ಡ್ ಹಿಡಿದು ಈ ಸಾಲಿನ ಫೋನುಗಳಿಗೆ 4.1 ಮತ್ತು ಅದರ ನಂತರದ ಆಂಡ್ರಾಯ್ಡ್‌ಗಳನ್ನೂ ಕೂರಿಸಿತ್ತು. ಡಯಲರಿನಲ್ಲಿ *#*#7378423#*#* ಒತ್ತಿದರೆ ಸೋನಿಯ ಸರ್ವಿಸ್ ಮೆನು ತೆರೆಯುತ್ತದೆ. ಪರದೆ, ಸ್ಪೀಕರ್, ಕಂಪನ ಎಲ್ಲವನ್ನೂ ಅಂಗಡಿಯಲ್ಲೇ ನಿಂತು ಪರೀಕ್ಷಿಸಬಹುದು. ಹಾಗೆ ಬೇರೆ ಆಂಡ್ರಾಯ್ಡ್ ಕೂರಿಸಲು ಮೊದಲು ತೆಗೆಯಬೇಕಾದ ಬೀಗ, ಅಂದರೆ ಬೂಟ್‌ಲೋಡರ್, ಬಿಚ್ಚಲು ಬರುತ್ತದೋ ಇಲ್ಲವೋ ಎಂಬುದನ್ನೂ ಅಲ್ಲೇ ಬರೆದಿರುತ್ತದೆ.

ಬ್ಯಾಟರಿ ಇಪಿ500, 1200 ಎಂಎಎಚ್. ಹಿಂಬದಿಯ ಮುಚ್ಚಳ ತೆಗೆದು ಉಗುರಿನಲ್ಲಿ ಎತ್ತಿದರೆ ಬಂತು. ಇದೇ ಬ್ಯಾಟರಿಯನ್ನು ಎಕ್ಸ್8, ವಿವಾಜ್ ಮುಂತಾದ ಫೋನುಗಳಲ್ಲೂ ಬಳಸಿದ್ದರಿಂದ ಹುಡುಕುವ ಕಷ್ಟ ಕಡಿಮೆ.

ಗ್ಯಾಲಕ್ಸಿ ವೈ: ಎಲ್ಲರ ಮನೆಯ ಮೊದಲ ಆಂಡ್ರಾಯ್ಡ್

ವೈ ಅಂದರೆ ಯಂಗ್ ಅಂತೆ. 2011ರಲ್ಲಿ ಬಂದಾಗ ಕಾಲೇಜು ಹುಡುಗರ ಕೈಯಲ್ಲಿ ಇದೇ. ಹಾಗಾಗಿ ಇವತ್ತು ಅತಿ ಸುಲಭವಾಗಿ ಸಿಗುವುದೂ ಇದೇ. 97.5 ಗ್ರಾಂ ತೂಕ, 11.5 ಮಿ.ಮೀ. ದಪ್ಪ. ಇಲ್ಲಿರುವ ಐದರಲ್ಲಿ ಅತಿ ತೆಳ್ಳಗಿನದು, ಅಂಗಿ ಜೇಬಿನಲ್ಲಿ ಉಬ್ಬೇ ಕಾಣುವುದಿಲ್ಲ.

ಪರದೆ 3 ಇಂಚೇ, ಆದರೆ ಚುಕ್ಕಿ 240×320 ಮಾತ್ರ. ಎಕ್ಸ್‌ಪೀರಿಯಾ ಮಿನಿಯ ಪಕ್ಕ ಇಟ್ಟರೆ ಅದು ಅಚ್ಚಾದ ಪುಸ್ತಕ, ಇದು ಸೊಳ್ಳೆಪರದೆಯ ಆಚೆಯಿಂದ ನೋಡಿದ ಪುಸ್ತಕ. ಕ್ಯಾಮೆರಾ 2 ಮೆಗಾಪಿಕ್ಸೆಲ್, ಫೋಕಸ್ ಕದಲುವುದಿಲ್ಲ, ಫ್ಲ್ಯಾಶ್ ಇಲ್ಲ. ಫೋನಿನೊಳಗೆ ಬಳಸಲು ಸಿಗುವ ಜಾಗ 180 ಎಂಬಿ. ಎಲೆಚುಕ್ಕೆಯ ಫೋಟೊ ಇದರಲ್ಲಿ ಆಗದ ಮಾತು. ಹಾಡಿಗೆ, ಎಫ್‌ಎಂಗೆ, ಕರೆಗೆ ಸಾಕು. 1200 ಎಂಎಎಚ್ ಬ್ಯಾಟರಿ ಬಿಚ್ಚಬಹುದು, ಗ್ಯಾಲಕ್ಸಿ ಪಾಕೆಟ್‌ನದೂ ಇದಕ್ಕೆ ಹೊಂದುತ್ತದೆ. ಎಂಟುನೂರು ಜಾಸ್ತಿ, ನಾನೂರಕ್ಕೆ ಕೊಟ್ಟರೆ ತಗೋ ಎಂದೆ ಅವನಿಗೆ.

ಇ63: ಚಿಕ್ಕದಲ್ಲ, ಆದರೂ

2008ರ ಕೊನೆಯಲ್ಲಿ ನೋಕಿಯಾ ಘೋಷಿಸಿದ ಸಿಂಬಿಯನ್ ಫೋನು ಇ63 ಈ ಪಟ್ಟಿಯಲ್ಲಿ ಇರಬೇಕೇ ಎಂದು ನಾನೇ ಎರಡು ಸಲ ಯೋಚಿಸಿದೆ. 113 ಮಿ.ಮೀ. ಉದ್ದ, 59 ಅಗಲ, 126 ಗ್ರಾಂ. ಮಿನಿಗಳ ಮುಂದೆ ಇದು ಹಲಗೆ. 2.36 ಇಂಚಿನ ಅಡ್ಡ ಪರದೆ, ಕೆಳಗೆ ಪೂರ್ತಿ ಇಂಗ್ಲಿಷ್ ಕೀಬೋರ್ಡ್, ಮುಟ್ಟಿದರೆ ಪರದೆಗೆ ಗೊತ್ತೇ ಆಗುವುದಿಲ್ಲ, ಎಲ್ಲ ಗುಂಡಿಯಲ್ಲೇ. ಕ್ಯಾಮೆರಾ 2 ಮೆಗಾಪಿಕ್ಸೆಲ್, ಫ್ಲ್ಯಾಶ್ ಇದೆ, ಆಟೋಫೋಕಸ್ ಇಲ್ಲ.

ಆದರೆ ದಿನ ಕಳೆದಂತೆ ಇದರ ಸಣ್ಣಪುಟ್ಟ ಉಪಕಾರಗಳು ಗೊತ್ತಾಗುತ್ತವೆ. ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದರೆ ಟಾರ್ಚ್ ಹತ್ತುತ್ತದೆ. ಕರೆಂಟ್ ಹೋದಾಗ ಕತ್ತಲಲ್ಲೇ ಬೆರಳಿಗೆ ಸಿಗುವ ಜಾಗ ಅದು. ಫೋನು ಆಫ್ ಮಾಡಿಟ್ಟರೂ ಬೆಳಗಿನ ಅಲಾರಂ ತಾನೇ ಎದ್ದು ಹೊಡೆಯುತ್ತದೆ, ಆಂಡ್ರಾಯ್ಡ್ ಮಿನಿಗಳಲ್ಲಿ ಈ ಸೌಕರ್ಯ ಇಲ್ಲ. ಬ್ಯಾಟರಿ ಬಿಪಿ-4ಎಲ್, 1500 ಎಂಎಎಚ್. ಪರದೆ ಚಿಕ್ಕದು, ಹಿನ್ನೆಲೆಯಲ್ಲಿ ಓಡುವ ಆ್ಯಪ್ ಇಲ್ಲ, ಹಾಗಾಗಿ ಒಳ್ಳೆಯ ಬ್ಯಾಟರಿ ಹಾಕಿದರೆ ಎರಡು ಮೂರು ದಿನ ಚಾರ್ಜರ್ ನೆನಪಾಗುವುದಿಲ್ಲ. ಇ71, ಇ72, ಇ52, ಎನ್97 ಎಲ್ಲಕ್ಕೂ ಇದೇ ಬ್ಯಾಟರಿ, ಈಗಲೂ ಹುಡುಕಿದರೆ ಸಿಗುತ್ತದೆ. ಚಾರ್ಜರ್ ಮಾತ್ರ ನೋಕಿಯಾದ ಆ ತೆಳು ಪಿನ್ನಿನದು, ಫೋನಿನ ಜೊತೆಗೇ ಕೇಳಿ ತೆಗೆದುಕೊಳ್ಳಿ.

ಇನ್ನು ಬ್ಲ್ಯಾಕ್‌ಬೆರಿ ಕರ್ವ್ 8520. ಕೀಬೋರ್ಡ್ ಚೆನ್ನ, 106 ಗ್ರಾಂ, ನೋಡಲೂ ಚಂದ. ಆದರೆ ಈ ಹಳೇ ಬ್ಲ್ಯಾಕ್‌ಬೆರಿಗಳು ಕಂಪನಿಯ ಸರ್ವರುಗಳನ್ನು ನಂಬಿ ಬದುಕಿದವು. 2022ರ ಜನವರಿ 4ಕ್ಕೆ ಆ ಸೇವೆ ನಿಲ್ಲಿಸಿ, ಇನ್ನು ಕರೆ ಮತ್ತು ಎಸ್‌ಎಂಎಸ್ ಕೂಡ ನೆಚ್ಚಿಕೊಳ್ಳುವಂತಿಲ್ಲ ಎಂದು ಕಂಪನಿಯೇ ಹೇಳಿತು. ಎಫ್‌ಎಂ ಕೂಡ ಇಲ್ಲ. ಷೋಕೇಸಿಗೆ ಸರಿ.

ಕನ್ನಡ ಕಾಣುತ್ತದೆಯೇ?

ಈ ಪ್ರಶ್ನೆಯನ್ನು ಅಂಗಡಿಯವರು ನಿರೀಕ್ಷಿಸುವುದೇ ಇಲ್ಲ. ಗೂಗಲ್‌ನ ಮೂಲ ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳ ಬಂದದ್ದು 4.1ರಲ್ಲಿ, ಅಂದರೆ 2012ಕ್ಕೆ. ಅದಕ್ಕೂ ಹಿಂದೆ ಕನ್ನಡದ ಮೆಸೇಜ್ ಬಂದರೆ ಸಾಲುಸಾಲು ಚೌಕಗಳು. ನಮ್ಮಲ್ಲಿ ಬಹಳ ಜನ ಆಗ ಒಪೆರಾ ಮಿನಿ ಹಾಕಿಕೊಂಡು, ವಿಳಾಸದ ಜಾಗದಲ್ಲಿ ಒಪೆರಾ, ಕೋಲನ್, ಕಾನ್ಫಿಗ್ ಎಂದು ಹೊಡೆದು, ಒಳಗಿದ್ದ ಬಿಟ್‌ಮ್ಯಾಪ್ ಫಾಂಟಿನ ಆಯ್ಕೆಗೆ ‘ಯೆಸ್’ ಕೊಟ್ಟು ಕನ್ನಡ ಓದುತ್ತಿದ್ದೆವು. ಸರ್ವರಿನಲ್ಲೇ ಅಕ್ಷರಗಳ ಚಿತ್ರ ಮಾಡಿ ಕಳಿಸುತ್ತಿತ್ತು ಅದು. ಆ ಗುಟ್ಟು ಗೊತ್ತಿದ್ದವನು ಹಾಸ್ಟೆಲಿನಲ್ಲಿ ದೊಡ್ಡ ಮನುಷ್ಯ.

ಕೆಲವು ಕಂಪನಿಗಳು 4.1 ಬರುವ ಮುಂಚೆಯೇ ಭಾರತದ ಲಿಪಿಗಳನ್ನು ತಾವೇ ಸೇರಿಸಿದ್ದೂ ಉಂಟು. ಹಾಗಾಗಿ ಮಾಡೆಲ್ ಹೆಸರು ನೋಡಿ ತೀರ್ಮಾನಿಸದೆ, ಕೈಗೆ ಬಂದ ಫೋನಿಗೇ ಒಂದು ಎಸ್‌ಎಂಎಸ್ ಕಳಿಸಿ ನೋಡಿ. ನಾನು ಕಳಿಸುವುದು ಯಾವಾಗಲೂ ಒಂದೇ: “ಅರ್ಕಾವತಿ, ಲಕ್ಷ್ಮಿ, ರಾಷ್ಟ್ರ, ಸ್ತ್ರೀ”. ಅರ್ಕಾವೊತ್ತು ಸರಿಯಾದ ಜಾಗಕ್ಕೆ ಬಂದು, ಕ್ಷ್ಮಿ ಒಡೆಯದೆ ನಿಂತರೆ ಫೋನಿಗೆ ಕನ್ನಡ ಬರುತ್ತದೆ. ಚೌಕ ಬಂದರೆ ಬರುವುದಿಲ್ಲ. ಕೆಲವದರಲ್ಲಿ ಒತ್ತಕ್ಷರ ಬಿಚ್ಚಿಕೊಂಡು ಅರೆಬರೆಯಾಗಿ ಬರುತ್ತದೆ, ಅದು ಎಲ್ಲಕ್ಕಿಂತ ಕಿರಿಕಿರಿ. ಅಂದಹಾಗೆ, ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ ಸಿಗುವುದು 70 ಅಕ್ಷರಸ್ಥಾನ, ಇಂಗ್ಲಿಷಿನಲ್ಲಿ 160. ಸ್ವರ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ಎಣಿಕೆಯಾಗುವುದರಿಂದ ಮಾತು ಬೇಗ ಮುಗಿಸಬೇಕಾಗುತ್ತದೆ.

ಮೊದಲು ಬ್ಯಾಟರಿ, ಆಮೇಲೆ ಫೋನು

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಸಂದಿಯಲ್ಲಿ ಹುಡುಗನೊಬ್ಬ ಸೀಲ್ ಒಡೆಯದ ಬ್ಯಾಟರಿ ಮುಂದಿಟ್ಟು, “ಒರಿಜಿನಲ್ ಸಾರ್, 2011ರದ್ದೇ, ಯೂಸೇ ಮಾಡಿಲ್ಲ” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ಅಷ್ಟು ವರ್ಷ ಪೆಟ್ಟಿಗೆಯಲ್ಲಿ ಕೂತ ಒರಿಜಿನಲ್‌ಗಿಂತ ಹೋದ ವರ್ಷ ತಯಾರಾದ ಸಾಧಾರಣ ಬ್ಯಾಟರಿಯೇ ಮೇಲು. ಇನ್ನೊಂದು ಮೋಸ, 1200 ಇರಬೇಕಾದ ಅಳತೆಯ ಬ್ಯಾಟರಿಯ ಮೇಲೆ 2600 ಎಂದು ಅಚ್ಚು ಹಾಕಿರುವುದು. ಅಷ್ಟೇ ಜಾಗದಲ್ಲಿ ಇಮ್ಮಡಿ ತುಂಬಲು ಅದೇನು ರಾಗಿ ಚೀಲವೇ?

ಹಳೇ ಬ್ಯಾಟರಿಯೊಂದಿಗೇ ಫೋನು ಸಿಕ್ಕರೆ ಅದನ್ನು ಹೊರಗೆ ತೆಗೆದು ಸಪಾಟಾದ ಮೇಜಿನ ಮೇಲಿಟ್ಟು ಬೆರಳಿನಲ್ಲಿ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅದನ್ನು ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ನಾನು ಒಮ್ಮೆ ಇದನ್ನು ಕಡೆಗಣಿಸಿ, ಖಾನೆಯಲ್ಲಿಟ್ಟ ಫೋನೊಂದರ ಹಿಂಬದಿಯ ಮುಚ್ಚಳ ತಾನಾಗಿಯೇ ಹಾರಿಕೊಂಡಿತ್ತು.

ಕೊಳ್ಳುವ ದಿನ *#06# ಒತ್ತಿ, ಒಂದೊಂದು ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ತೆಗೆದು, ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಜಾಗ ಬಿಟ್ಟು ಆ ನಂಬರ್ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕಳುವಾಗಿದೆ ಎಂದು ದೂರು ಕೊಟ್ಟು ಬ್ಲಾಕ್ ಮಾಡಿಸಿದ ಮಾಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೆಮೊರಿ ಕಾರ್ಡ್ 32 ಜಿಬಿಗಿಂತ ದೊಡ್ಡದು ಹಾಕಲು ಹೋಗಬೇಡಿ, ಇ63ಗೆ 8 ಜಿಬಿ ಸಾಕು. ಹೆಸರು-ನಂಬರುಗಳನ್ನು ದೊಡ್ಡ ಫೋನಿನಿಂದ ವಿಸಿಎಫ್ ಕಡತವಾಗಿ ಬ್ಲೂಟೂತ್‌ನಲ್ಲಿ ಕಳಿಸುವುದು ಅತಿ ಸಲೀಸು.

ಮನೆಯ ಹಿರಿಯರಿಗೆ ಕೊಡಲು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅವರಿಗೆ ಹೊಸ 4ಜಿ ಕೀಪ್ಯಾಡ್ ಫೋನೇ ಸರಿ. 2023ರಲ್ಲಿ ಜಿಯೋ ಭಾರತ್ 999 ರೂಪಾಯಿಗೆ ಬಂತು, ಅದರಲ್ಲಿ ಯುಪಿಐ ಕೂಡ ಇದೆ. ಚಿಕ್ಕದೂ ಆಗಬೇಕು, ವಾಟ್ಸ್‌ಆ್ಯಪ್ಪೂ ಬೇಕು ಎನ್ನುವವರು ಹಳೆಯದರ ಆಸೆ ಬಿಟ್ಟು ಐಫೋನ್ 13 ಮಿನಿಯಂಥದ್ದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ನೋಡಲಿ. 5.4 ಇಂಚು, 141 ಗ್ರಾಂ. ದುಡ್ಡು ಬೇರೆ ಲೆಕ್ಕ.

ಭಾವಮೈದುನನಿಗೆ ನಾನು ಎಕ್ಸ್‌ಪೀರಿಯಾ ಮಿನಿ ಎಂದು ತೀರ್ಪು ಕೊಟ್ಟೆ. ಮಿನಿ ಮತ್ತು ಇ63 ಎರಡನ್ನೂ ಜುಲೈನಲ್ಲಿ ಊರಿಗೆ ಹೋದಾಗ ಒಯ್ದು ಅವನ ಕೈಗಿಟ್ಟೆ, ಹದಿನೈದು ದಿನ ಇಟ್ಟುಕೊಂಡು ನೋಡು ಎಂದು. ನಾಲ್ಕನೇ ದಿನವೇ ಅವನ ಕರೆ ಬಂತು, ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು.

“ಭಾವ, ನಿಮ್ಮ ಮಿನಿ ಬಾಳ ಚೆನ್ನಾಗಿದೆ. ಆದ್ರೆ ಕೈ ಒದ್ದೆ ಇದ್ರೆ ಕೇಳೋದೇ ಇಲ್ಲ. ಫೋನ್ ರಿಂಗ್ ಆಗತ್ತೆ, ನಾನು ಉಜ್ತಾ ಇರ್ತೀನಿ, ಕಟ್ ಆಗತ್ತೆ. ಇಲ್ಲಿ ಕೈ ಒಣಗೋದು ಸೆಪ್ಟೆಂಬರಿಗೇ ಅಲ್ವಾ.”

ಬೆಂಗಳೂರಿನ ಮೇಜಿನ ಮುಂದೆ ಕೂತು ಚುಕ್ಕಿ, ಗ್ರಾಂ, ಎಂಎಎಚ್ ಎಲ್ಲ ಅಳೆದವನಿಗೆ ಇದು ಹೊಳೆದಿರಲಿಲ್ಲ. ಆ ಗಾಜಿಗೆ ಬೆರಳು ಗೊತ್ತಾಗುವುದು ಚರ್ಮದ ವಿದ್ಯುತ್ ಗುಣದಿಂದ. ಮೇಲೆ ನೀರು ಹರಡಿದರೆ ಬೆರಳು ಯಾವುದು, ಹನಿ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಗುಂಡಿಗೆ ಆ ಗೊಂದಲ ಇಲ್ಲ. ಈಗ ಇ63 ಅವನ ಅಂಗಿ ಜೇಬಿನಲ್ಲಿದೆ, ಮೇಲೊಂದು ಪ್ಲಾಸ್ಟಿಕ್ ಕವರ್ ಸುತ್ತಿ. ಎಲೆಚುಕ್ಕೆಯ ಫೋಟೊ ಬೇಕಾದಾಗ ಒಂದು ಸೋಗೆಯನ್ನೇ ಕಿತ್ತುಕೊಂಡು ಮನೆಗೆ ಬಂದು ದೊಡ್ಡ ಫೋನಿನಲ್ಲಿ ಹೊಡೆಯುತ್ತಾನಂತೆ.